ಸೊಂಟದ ಕೀಲಿನ ಚರಿತ್ರೆ ಮತ್ತು ನಮ್ಮ ಅವ್ವ



ನನ್ನನ್ನು ಕಂಡವರೆಲ್ಲ ಮೊದಲು ಕೇಳುವ ಪ್ರಶ್ನೆ ಈಗ ಒಂದೇ ಆಗಿದೆ: "ಮೇಡಂ, ಕಾಲು ಹೇಗಿದೆ?" ನಾನೂ "ಚೆನ್ನಾಗಿದೆ" ಎಂಬ ಒಂದೇ ಪದದ ಉತ್ತರವನ್ನು ಕೊಡುತ್ತ ಬಂದಿದ್ದೇನೆ. ಒಂದು ಪದದ ಉತ್ತರಕ್ಕೆ ಒಂದೇ ಅಂಕ ಎಂದು ನಿಮಗೆ ಕಲಿಸಿದವಳು ನಾನೇ. ಆದ್ದರಿಂದ ಈ ಬಾರಿ ಹತ್ತು ಅಂಕದ ಉತ್ತರವನ್ನೇ ಬರೆಯಲು ಕುಳಿತಿದ್ದೇನೆ. ಸಮಾಜ ವಿಜ್ಞಾನದ ಅಧ್ಯಾಪಕಿಗೆ ಕಾಲುನೋವು ಬಂದರೂ ಅದರ ಚರಿತ್ರೆಯನ್ನು ಹುಡುಕುವ ಚಟ ಬಿಡುವುದಿಲ್ಲ, ಸಹಿಸಿಕೊಳ್ಳಬೇಕು.

ಶ್ರೀರಂಗಪಟ್ಟಣದಲ್ಲಿ ವಾಸವಾಗಿರುವವರಿಗೆ ಚರಿತ್ರೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕೋಟೆಯೊಳಗೆ ನಿಮ್ಮನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ಡೇವಿಡ್ ಬೇರ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿಯ ಕಥೆಯನ್ನು ಹೇಳುತ್ತಿದ್ದೆ. 1780ರ ಪೊಳ್ಳಿಲೂರು ಕದನದಲ್ಲಿ ತೊಡೆಗೆ ಗುಂಡು ತಗುಲಿ ಹೈದರಾಲಿಯ ಸೆರೆಯಾದ ಈತ ಮೂರೂವರೆ ವರ್ಷಗಳಿಗೂ ಹೆಚ್ಚು ಕಾಲ ಇದೇ ಪಟ್ಟಣದಲ್ಲಿ ಸಂಕೋಲೆಯಲ್ಲಿದ್ದ. 1784ರಲ್ಲಿ ಬಿಡುಗಡೆಯಾದ ಮೇಲೆಯೇ ಆ ಗುಂಡನ್ನು ಹೊರತೆಗೆದದ್ದು. 1799ರ ಮೇ 4ರಂದು ಕೋಟೆಯ ಬಿರುಕಿನೊಳಕ್ಕೆ ಸೈನ್ಯವನ್ನು ನುಗ್ಗಿಸಿದವನೂ ಅವನೇ. ಪಾಠದಲ್ಲಿ ಇದನ್ನು ಸೇಡಿನ ಕಥೆಯಾಗಿ ಹೇಳುತ್ತಿದ್ದೆ. ನನ್ನದೇ ತೊಡೆ ನೋಯತೊಡಗಿದ ಮೇಲೆ, ಆ ಕಾಲನ್ನಿಟ್ಟುಕೊಂಡು ಆತ ಕಲ್ಲುರಾಶಿಯನ್ನು ಹತ್ತಿದ್ದಾದರೂ ಹೇಗೆ ಎಂದು ಯೋಚಿಸತೊಡಗಿದೆ.

ಇನ್ನೊಂದು ಕಥೆ ಇದಕ್ಕಿಂತ ಮುಖ್ಯವಾದದ್ದು. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜೀ ಎಂಬ ಮರಾಠಿ ರೈತನೊಬ್ಬ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಕಳುಹಿಸಿದರು. ವರ್ಷದ ತರುವಾಯ ಪುಣೆಯ ಬಳಿ ಕುಂಬಾರಿಕೆಯ ಕುಲದ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನೇ ಕೆಳಗೆ ತಿರುಗಿಸಿ ಹೊಸ ಮೂಗನ್ನು ಕಟ್ಟಿದ. ಇಬ್ಬರು ಇಂಗ್ಲಿಷ್ ವೈದ್ಯರು ಅದನ್ನು ಕಣ್ಣಾರೆ ಕಂಡರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜಿನ್ ಪತ್ರಿಕೆಯಲ್ಲಿ ಚಿತ್ರಸಹಿತ ವರದಿ ಬಂದಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅಲ್ಲಿ ಅಂಥದೇ ಶಸ್ತ್ರಚಿಕಿತ್ಸೆ ಮಾಡಿದ. ಇಂದಿನ ಪ್ಲಾಸ್ಟಿಕ್ ಸರ್ಜರಿಯ ಪುಸ್ತಕಗಳು ಈ ಗಾಡಿಯಾಳಿನ ಹೆಸರನ್ನು ಸ್ಮರಿಸುತ್ತವೆ. ಕಳೆದುಕೊಂಡ ಅಂಗವನ್ನು ಮರಳಿ ಪಡೆದ ಮನುಷ್ಯನಿಗೆ ಅದು ಒಪ್ಪಿತೇ ಎಂಬ ಪ್ರಶ್ನೆಯನ್ನು ಆ ವರದಿ ಅಷ್ಟಿಷ್ಟು ಕೇಳಿಕೊಂಡಿದೆ: ಮೂಗು ಭದ್ರವಾಗಿದೆ, ಸಹಜ ಮೂಗಿನಂತೆಯೇ ಕಾಣುತ್ತದೆ ಎನ್ನುತ್ತದೆ. ಅವನ ಕೈಯ ವಿಷಯವನ್ನು ಮಾತ್ರ ಯಾರೂ ಮುಂದಕ್ಕೆ ವಿಚಾರಿಸಲಿಲ್ಲ.

ಅದಿರಲಿ, ನನ್ನ ಕಾಲಿನ ವಿಷಯಕ್ಕೆ ಬರೋಣ.

2011ರಲ್ಲಿ ನಾನು ಪಾಂಡವಪುರದ ಶಾಲೆಯೊಂದರಲ್ಲಿದ್ದಾಗ ಒಂಬತ್ತನೆಯ ತರಗತಿಯವರನ್ನು ಕುಂತಿಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಆ ತಂಡದಲ್ಲಿದ್ದವರಿಗೆ ನೆನಪಿರಬಹುದು. ಫ್ರೆಂಚ್ ರಾಕ್ಸ್ ಎಂಬ ಹೆಸರು ಈ ಊರಿಗೆ ಹೇಗೆ ಬಂದಿತೆಂದು ಬಂಡೆಯ ಮೇಲೆ ಕೂರಿಸಿ ಪಾಠ ಮಾಡಿದ್ದೆ. ಇಳಿಯುವಾಗ ಎಡತೊಡೆಯ ಸಂದಿನಲ್ಲಿ ಚಳುಕು ಹೊಡೆಯಿತು. ಮರುದಿನ ನೋವು ಮಂಡಿಗೆ ಇಳಿದಿತ್ತು. ಎರಡು ವರ್ಷ ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡೆ. ಮಂಡಿಯ ಎಕ್ಸ್‌ರೇ ತೆಗೆಸಿದರೆ ಅಲ್ಲಿ ಏನೂ ಇಲ್ಲ. ಸೊಂಟದ ಕೀಲಿನ ನೋವು ಅನೇಕ ವೇಳೆ ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದೆ ಎಂಬ ಸಂಗತಿ ತಿಳಿದದ್ದು ಬಹಳ ತಡವಾಗಿ. ನಿಮ್ಮಲ್ಲಿ ಯಾರಿಗಾದರೂ ಹೀಗೆ ಆದರೆ ಸೊಂಟದ ಎಕ್ಸ್‌ರೇಯನ್ನೂ ತೆಗೆಸಿಬಿಡಿ.

ಕೀಲು ಸವೆದಿದೆ, ಬದಲಾಯಿಸಬೇಕು ಎಂದು ವೈದ್ಯರು ಹೇಳಿದ ಮೇಲೂ ಆರು ವರ್ಷ ತಳ್ಳಿದೆ. ಮೊದಲು ರಂಗೋಲಿ ನಿಂತಿತು. ಆಮೇಲೆ ಈಳಿಗೆಮಣೆ. ನಂತರ ಮದುವೆಮನೆಯ ಪಂಕ್ತಿ, ಮೇಲುಕೋಟೆಯ ಬೆಟ್ಟದ ಮೆಟ್ಟಿಲು, ಕೊನೆಗೆ ಬಸ್ಸಿನ ಮೆಟ್ಟಿಲು. ನಿಮ್ಮ ಎಷ್ಟೋ ಮದುವೆಗಳಿಗೆ ನಾನು ಬರಲಿಲ್ಲವೆಂದು ಬೇಸರಪಟ್ಟುಕೊಂಡಿರಿ. ಕಾರಣವನ್ನು ಆಗ ಹೇಳಲಿಲ್ಲ; ಈಗ ಹೇಳಿದ್ದೇನೆ.

ಅಷ್ಟು ವರ್ಷ ತಳ್ಳಲು ಕಾರಣ ನಮ್ಮ ಅವ್ವ.

ನಮ್ಮದು ಕೃಷ್ಣರಾಜಪೇಟೆ ತಾಲ್ಲೂಕು, ಕಿಕ್ಕೇರಿ ಹೋಬಳಿಯ ಒಂದು ಹಳ್ಳಿ. 1984ರ ಡಿಸೆಂಬರಿನಲ್ಲಿ, ಸುಗ್ಗಿಯ ದಿನಗಳಲ್ಲಿ, ಅವ್ವ ಹಿತ್ತಲಿನ ಬಚ್ಚಲುಕಲ್ಲಿನ ಮೇಲೆ ಜಾರಿ ಬಿದ್ದಳು. ಆಗ ಅವಳಿಗೆ ಅರವತ್ತರ ಆಸುಪಾಸು. ನನಗೆ ಇಪ್ಪತ್ತಾರು, ಬಿ.ಎಡ್. ಮುಗಿಸಿ ನಾಗಮಂಗಲದಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಸುದ್ದಿ ಮುಟ್ಟಿ, ಎರಡು ಬಸ್ಸು ಬದಲಾಯಿಸಿ ಊರು ಸೇರುವಷ್ಟರಲ್ಲಿ ಮೂಳೆ ಕಟ್ಟುವವರು ಬಂದು ಬಿದಿರಿನ ದಬ್ಬೆಯನ್ನಿಟ್ಟು ತೊಡೆಯಿಂದ ಪಾದದವರೆಗೆ ಕಟ್ಟು ಹಾಕಿ ಹೋಗಿದ್ದರು. ಅವರ ಮೇಲೆ ನನಗೆ ಕೋಪವಿಲ್ಲ. ನಮ್ಮ ಕಡೆಯ ಎಷ್ಟೋ ಮಕ್ಕಳ ಮುರಿದ ಮುಂಗೈಗಳನ್ನು ಅವರು ಕೂಡಿಸಿದ್ದಾರೆ. ಆದರೆ ಸೊಂಟದ ಕೀಲಿನೊಳಗೆ, ತೊಡೆಮೂಳೆಯ ಕತ್ತು ಮುರಿದರೆ ಯಾವ ದಬ್ಬೆಯೂ ಅಲ್ಲಿಗೆ ಮುಟ್ಟುವುದಿಲ್ಲ. ಆ ಮೂಳೆಯ ತಲೆಗೆ ರಕ್ತ ಹೋಗುವ ನಾಳಗಳು ಬಹುಪಾಲು ಕತ್ತಿನ ಹಾದಿಯಲ್ಲೇ ಹೋಗುವುದರಿಂದ, ಕತ್ತು ಮುರಿದೊಡನೆ ತಲೆ ಒಣಗತೊಡಗುತ್ತದೆ, ಕೂಡಿಕೊಳ್ಳುವುದು ಅಪರೂಪ.

ಇಪ್ಪತ್ತು ದಿನವಾದರೂ ಕಾಲು ಎತ್ತಲಾಗದಿದ್ದಾಗ ಅಣ್ಣ ಬಾಡಿಗೆ ವ್ಯಾನಿನಲ್ಲಿ ಅವಳನ್ನು ನಗರದ ಆಸ್ಪತ್ರೆಯೊಂದಕ್ಕೆ ಕರೆತಂದ. ನಾನೂ ಹೋಗಿದ್ದೆ. ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಅವಸರದಲ್ಲಿ, ಅರ್ಧ ಇಂಗ್ಲಿಷಿನಲ್ಲಿ, "ಮೂರ್ ಹಾಕಬೇಕಾಗುತ್ತೆ, ಯೋಚನೆ ಮಾಡಿ ಹೇಳಿ" ಎಂದು ಮುಂದಿನ ಹಾಸಿಗೆಗೆ ಹೋದರು. ಅಣ್ಣ ಹೊರಗೆ ಬಂದು ಚಿಕ್ಕಪ್ಪನಿಗೆ ಹೇಳಿದ: "ಮೂರು ಹಾಕ್ಬೇಕಂತೆ. ಮೂರು ಸಲ ಕುಯ್ಯದಂತೆ ಕನ ಚಿಕ್ಕಪ್ಪ." ಮೂರು ಆಪರೇಷನ್ ಎಂದು ಒಬ್ಬರು, ಮೂರು ಸರಳು ಎಂದು ಇನ್ನೊಬ್ಬರು. ಅವ್ವನ ಕಿವಿಗೂ ಬಿತ್ತು. "ನನ್ನ ಮೂರು ಸಲ ಕುಯ್ಯಕ್ಕೆ ಬುಡಬ್ಯಾಡ ಕನ್ ಮಗ, ಊರಿಗೆ ಕರ್ಕಂಡ್ ಹೋಗು" ಎಂದು ನನ್ನ ಕೈ ಹಿಡಿದಳು. ಆ ಗುಂಪಿನಲ್ಲಿ ಓದಿದವಳೆಂದರೆ ನಾನೊಬ್ಬಳೇ. ಒಳಗೆ ಹೋಗಿ "ಸಾರ್, ಮೂರು ಎಂದರೇನು?" ಎಂದು ಕೇಳಬಹುದಿತ್ತು. ತರಗತಿಯಲ್ಲಿ ಅರ್ಥವಾಗದಿದ್ದರೆ ಕೈ ಎತ್ತಿ ಎಂದು ನಿಮಗೆಲ್ಲ ಮೂವತ್ತೈದು ವರ್ಷ ಹೇಳಿದವಳು ಅಂದು ಕೈ ಎತ್ತಲಿಲ್ಲ. ಸಂಜೆಯೊಳಗೆ ಅವಳನ್ನು ಊರಿಗೆ ಕರೆದೊಯ್ದೆವು.

ಏಳು ತಿಂಗಳು ಮಲಗಿದ್ದಳು. ನಾಟಿ, ಕಳೆ, ಕುಯಿಲು, ಕೊಟ್ಟಿಗೆ ಎಂದು ಒಂದು ಕ್ಷಣ ಕೂರದಿದ್ದವಳು ನಡುಮನೆಯ ಚಾಪೆಯ ಮೇಲೆ ಸೂರು ನೋಡುತ್ತ ಮಲಗಿದಳು. ಬೆನ್ನಿಗೆ ಹಾಸಿಗೆ ಹುಣ್ಣಾಯಿತು. 1985ರ ಜುಲೈನಲ್ಲಿ ಹೋದಳು. ನಾನು ಸಮಾಧಾನಪಟ್ಟುಕೊಂಡದ್ದು ಹೀಗೆ: ಆ ಕಾಲದಲ್ಲಿ ಅದಕ್ಕೆ ಮದ್ದಿರಲಿಲ್ಲ, ಮೂರು ಬಾರಿ ಕೊಯ್ಯಿಸಿಕೊಂಡು ಸಾಯುವುದಕ್ಕಿಂತ ಮನೆಯಲ್ಲಿ ಹೋದದ್ದೇ ಲೇಸು. ಮುಂದಿನ ವರ್ಷವೇ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಆ ಹಾದಿಯ ಬಸ್ಸಿನಲ್ಲಿ ಹೋಗುವಾಗ ಏಳುತ್ತಿದ್ದ ಕಟ್ಟಡಗಳನ್ನು ನೋಡಿ, ಇದು ಎರಡು ವರ್ಷ ಮೊದಲೇ ಆಗಬಾರದಿತ್ತೇ ಎಂದುಕೊಳ್ಳುತ್ತಿದ್ದೆ.

2018ರಲ್ಲಿ ನಿವೃತ್ತಿಯಾಯಿತು. 2020ರ ಜನವರಿಯಲ್ಲಿ, ಮಗಳ ಹಠಕ್ಕೆ ಮಣಿದು, ಮೈಸೂರಿನ ಆಸ್ಪತ್ರೆಯೊಂದರಲ್ಲಿ ಎಡಸೊಂಟದ ಕೀಲನ್ನು ಬದಲಾಯಿಸಿಕೊಂಡೆ. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಗಾಯದ ನೋವಿತ್ತು, ಆದರೆ ಒಂಬತ್ತು ವರ್ಷದ ಆ ಹಳೆಯ ನೋವು, ಕೀಲಿನೊಳಗೆ ಮರಳು ರುಬ್ಬಿದಂಥ ನೋವು, ಅಂದೇ ಹೊರಟುಹೋಗಿತ್ತು. ಹೀಗಿದ್ದರೆ ಇಷ್ಟು ವರ್ಷ ಏಕೆ ಕಾದೆ ಎಂದು ಅಳು ಬಂದಿತು. ಈ ಚಿಕಿತ್ಸೆ ಮಾಡಿಸಿಕೊಂಡ ಬಹಳ ಮಂದಿ ಹೇಳುವ ಮಾತು ಇದೇ ಎಂದು ದಾದಿ ನಕ್ಕರು.

ಎರಡು ತಿಂಗಳು ಕಳೆಯುವಷ್ಟರಲ್ಲಿ ಲಾಕ್‌ಡೌನ್ ಬಂದಿತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಪಾಂಡವಪುರದ ನನ್ನ ಹಳೆಯ ವಿದ್ಯಾರ್ಥಿ. ಅವನು ಬರುವುದು ನಿಂತಿತು, ದಿನವೂ ಸಂಜೆ ಫೋನ್ ಮಾಡಿ "ಮೇಡಂ, ಹೋಂವರ್ಕ್ ಮಾಡಿದ್ರಾ?" ಎಂದು ಕೇಳುತ್ತಿದ್ದ. ಅವನು ಎಂಟನೆಯ ತರಗತಿಯಲ್ಲಿ ಒಂದು ದಿನವೂ ಹೋಂವರ್ಕ್ ಮಾಡಿದವನಲ್ಲ. ಮನೆಯ ತಾರಸಿಯ ಮೇಲೆ ಬೆಳಿಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು ಸುತ್ತು. ಲೆಕ್ಕ ತಪ್ಪದಿರಲೆಂದು ಎರಡು ಬಟ್ಟಲಿಟ್ಟು, ಸುತ್ತಿಗೊಂದು ಹುಣಸೆಬೀಜವನ್ನು ಇತ್ತಿಂದತ್ತ ಹಾಕುತ್ತಿದ್ದೆ.

ಊರುಗೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು ಎಂಬುದೇ ಒಂದು ಪಾಠ. ನೋಯುವ ಕಡೆಯ ಕೈಯಲ್ಲಿ ಹಿಡಿಯುವವರೇ ನಮ್ಮಲ್ಲಿ ಹೆಚ್ಚು. ಅದು ತಪ್ಪು, ಎದುರು ಕೈಯಲ್ಲಿ ಹಿಡಿಯಬೇಕು. ಒಂಟಿಕಾಲಿನ ಮೇಲೆ ನಿಂತಾಗ ಮೈಭಾರ ಸೊಂಟವನ್ನು ಇನ್ನೊಂದು ಕಡೆಗೆ ಬಾಗಿಸಲು ನೋಡುತ್ತದೆ, ಕೀಲಿನ ಹೊರಬದಿಯ ಸ್ನಾಯುಗಳು ಅದನ್ನು ಎಳೆದು ಹಿಡಿಯುತ್ತವೆ. ಏತದ ಲೆಕ್ಕವೇ ಇದು: ಸ್ನಾಯು ಇರುವುದು ಗಿಡ್ಡ ತುದಿಯಲ್ಲಿ, ಭಾರ ಉದ್ದ ತುದಿಯಲ್ಲಿ. ಆದ್ದರಿಂದ ಕೀಲಿನ ಮೇಲೆ ಬೀಳುವ ಒತ್ತಡ ಮೈಭಾರದ ಎರಡೂವರೆ, ಮೂರು ಪಟ್ಟು. ಎದುರು ಕೈಯ ಕೋಲು ಉದ್ದ ತುದಿಯನ್ನೇ ಸ್ವಲ್ಪ ಎತ್ತಿ ಹಿಡಿಯುವುದರಿಂದ ಸ್ವಲ್ಪ ಬಲದಲ್ಲೇ ಬಹಳ ಭಾರ ಇಳಿಯುತ್ತದೆ. ಅಮೆರಿಕದ ವಾಲ್ಟರ್ ಬ್ಲೌಂಟ್ ಎಂಬ ವೈದ್ಯರು 1956ರಲ್ಲೇ ಕೋಲನ್ನು ಎಸೆಯಬೇಡಿ ಎಂದು ಇದಕ್ಕಾಗಿಯೇ ಲೇಖನ ಬರೆದಿದ್ದರು.

ಆ ದಿನಗಳಲ್ಲಿ ಹೊರಗೆ ಹೋಗುವಂತಿಲ್ಲ. ಮಗಳು ಫೋನಿನಲ್ಲಿ ಹುಡುಕಿ ಕೊಟ್ಟದ್ದನ್ನೆಲ್ಲ ಓದುತ್ತ ಹೋದೆ. ಸೊಂಟದ ಕೀಲೆಂದರೆ ಒರಳಿನಲ್ಲಿ ಗುಂಡು ತಿರುಗಿದಂತೆ: ಸೊಂಟದ ಮೂಳೆಯಲ್ಲೊಂದು ಬಟ್ಟಲು, ತೊಡೆಮೂಳೆಯ ತುದಿಯಲ್ಲೊಂದು ಗೋಲ. ನೋಡಲು ಸರಳ, ಅದನ್ನು ಮನುಷ್ಯನ ಕೈಯಲ್ಲಿ ಮಾಡಲು ಎಪ್ಪತ್ತು ವರ್ಷ ಬೇಕಾಯಿತು. 1890ರ ಸುಮಾರಿನಲ್ಲಿ ಬರ್ಲಿನ್ನಿನ ಥೆಮಿಸ್ಟಾಕ್ಲೀಸ್ ಗ್ಲುಕ್ ಆನೆಯ ದಂತದಿಂದ ಕೀಲು ಮಾಡಿ ಕೂರಿಸಿದ. ಕೀವು ತುಂಬಿ ಕೆಟ್ಟವು. 1923ರಲ್ಲಿ ಬಾಸ್ಟನ್ನಿನ ಸ್ಮಿತ್-ಪೀಟರ್ಸನ್ ಗಾಜಿನ ಟೋಪಿಯೊಂದನ್ನು ಮೂಳೆಯ ತಲೆಗೆ ತೊಡಿಸಿ ನೋಡಿದ, ಗಾಜು ಒಡೆಯಿತು. ಕೊನೆಗೆ ಅವನಿಗೆ ದಾರಿ ತೋರಿಸಿದ್ದು ಅವನ ದಂತವೈದ್ಯ. ಹಲ್ಲಿನ ಕೆಲಸಕ್ಕೆ ಬಳಸುವ ವೈಟಾಲಿಯಂ ಎಂಬ ಮಿಶ್ರಲೋಹ 1938ರಿಂದ ಕೀಲಿಗೂ ಬಂದಿತು.

ಪ್ಯಾರಿಸ್ಸಿನ ಜುಡೆ ಸಹೋದರರು 1946ರಲ್ಲಿ ಅಕ್ರಿಲಿಕ್ ಗೋಲವನ್ನು ಬಳಸಿದರು. ಇಂಗ್ಲೆಂಡಿನಲ್ಲಿ ಅದನ್ನು ಹಾಕಿಸಿಕೊಂಡಿದ್ದ ರೋಗಿಯೊಬ್ಬನ ಸೊಂಟ ಊಟದ ಮೇಜಿನ ಮೇಲೆ ಬಾಗಿದಾಗಲೆಲ್ಲ ಕಿರ್ರೆನ್ನುತ್ತಿತ್ತಂತೆ. ಹೆಂಡತಿಗೆ ಆ ಶಬ್ದ ತಡೆಯಲಾಗುತ್ತಿರಲಿಲ್ಲವಂತೆ. ಈ ಕಿರ್ರನ್ನು ಕೇಳಿ ಉಳಿದವರು ನಕ್ಕಿರಬಹುದು. ಜಾನ್ ಚಾರ್ನ್‌ಲಿ ಎಂಬ ಶಸ್ತ್ರವೈದ್ಯ ನಗದೆ ಘರ್ಷಣೆಯ ಬಗ್ಗೆ ಯೋಚಿಸಿದ. ಲ್ಯಾಂಕಾಶೈರಿನ ರೈಟಿಂಗ್ಟನ್ ಆಸ್ಪತ್ರೆ ಅವನ ಕಾರ್ಯಕ್ಷೇತ್ರ. ಚಿಕ್ಕ ಲೋಹದ ಗೋಲ, ಜಾರುವ ವಸ್ತುವಿನ ಬಟ್ಟಲು, ಎರಡನ್ನೂ ಮೂಳೆಗೆ ಹಿಡಿಸಲು ದಂತವೈದ್ಯರ ಅಕ್ರಿಲಿಕ್ ಸಿಮೆಂಟು — ಇದು ಅವನ ಉಪಾಯ. ಬಟ್ಟಲಿಗೆ ಮೊದಲು ಟೆಫ್ಲಾನ್ ಆರಿಸಿದ. ಸುಮಾರು ಮುನ್ನೂರು ಮಂದಿ ನೋವಿಲ್ಲದೆ ಎದ್ದು ನಡೆದರು. ಎರಡು ಮೂರು ವರ್ಷದೊಳಗೆ ಟೆಫ್ಲಾನ್ ಸವೆದು, ಪುಡಿ ಸುತ್ತಲಿನ ಮೂಳೆಯನ್ನು ಕೊರೆಯತೊಡಗಿತು. ಆ ಪುಡಿ ಏನು ಮಾಡುತ್ತದೆಂದು ತಿಳಿಯಲು ಚಾರ್ನ್‌ಲಿ ಅದನ್ನು ತನ್ನ ತೊಡೆಯೊಳಗೇ ಸೇರಿಸಿಕೊಂಡ, ಗಂಟುಗಳೆದ್ದವು. ತಾನು ಹಾಕಿದ ಕೀಲುಗಳನ್ನು ತಾನೇ ಬಿಚ್ಚಿ ತೆಗೆಯುವ ಕೆಲಸಕ್ಕೂ ನಿಂತ. ತಪ್ಪಾಗಿ ಕಲಿಸಿದ ಪಾಠವನ್ನು ಅದೇ ಮಕ್ಕಳ ಮುಂದೆ ನಿಂತು ತಿದ್ದುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು.

1962ರಲ್ಲಿ ಒಬ್ಬ ಮಾರಾಟಗಾರ ಗಟ್ಟಿ ಪಾಲಿಎಥಿಲೀನ್ ತುಂಡೊಂದನ್ನು ತಂದು ತೋರಿಸಿದ. ಲ್ಯಾಂಕಾಶೈರಿನ ಮಗ್ಗಗಳ ಯಂತ್ರಭಾಗಗಳಿಗೆ ಬಳಸುತ್ತಿದ್ದ ವಸ್ತು. ಚಾರ್ನ್‌ಲಿ ಉಗುರಿನಿಂದ ಗೀರಿ ನೋಡಿ, ಪ್ರಯೋಜನವಿಲ್ಲವೆಂದು ಹೊರಟುಹೋದ. ಆದರೆ ಅವನ ಕಾರ್ಯಾಗಾರದ ಕುಶಲಕರ್ಮಿ ಹ್ಯಾರಿ ಕ್ರೇವನ್ ಅದನ್ನು ಯಂತ್ರಕ್ಕೆ ಹಾಕಿ ಉಜ್ಜಲು ಬಿಟ್ಟ. ವಾರಗಟ್ಟಲೆ ಉಜ್ಜಿದರೂ ಸವೆತ ಅತ್ಯಲ್ಪ. ಅದೇ ವರ್ಷದ ನವೆಂಬರಿನಲ್ಲಿ ಆ ಬಟ್ಟಲು ಮೊದಲ ಬಾರಿಗೆ ಮನುಷ್ಯನ ಸೊಂಟ ಸೇರಿತು. ಚಾರ್ನ್‌ಲಿಗೆ 1977ರಲ್ಲಿ ಸರ್ ಪದವಿ ಬಂದಿತು. ಕ್ರೇವನ್ನನ ಹೆಸರು ಎಷ್ಟು ಮಂದಿಗೆ ಗೊತ್ತು? ಪುಣೆಯ ಆ ಕುಂಬಾರ ವೈದ್ಯನ ಹೆಸರಂತೂ ಎಲ್ಲೂ ದಾಖಲಾಗಿಲ್ಲ. ನಿಧನಾನಂತರ ಕೀಲನ್ನು ಪರೀಕ್ಷೆಗೆ ಮರಳಿ ಕೊಡುವಂತೆ ಚಾರ್ನ್‌ಲಿ ತನ್ನ ರೋಗಿಗಳನ್ನು ಕೇಳಿಕೊಳ್ಳುತ್ತಿದ್ದ. ಬಹಳ ಮಂದಿ ಒಪ್ಪಿಯೂ ಇದ್ದರು.

ಹೀಗೆ ಓದುತ್ತ ಹಿಂದಕ್ಕೂ ಮುಂದಕ್ಕೂ ಹೋಗುತ್ತಿದ್ದಾಗ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಒಂದು ಹೆಸರು ಕಣ್ಣಿಗೆ ಬಿತ್ತು. ಆಸ್ಟಿನ್ ಮೂರ್. ಅಮೆರಿಕದ ದಕ್ಷಿಣ ಕೆರೊಲಿನಾದ ಶಸ್ತ್ರವೈದ್ಯ. ತೊಡೆಮೂಳೆಯ ಕತ್ತು ಮುರಿದವರಿಗೆ ಬಟ್ಟಲನ್ನು ಮುಟ್ಟದೆ, ಒಣಗಿದ ತಲೆಯನ್ನಷ್ಟೇ ತೆಗೆದು, ಕಾಂಡವಿರುವ ಲೋಹದ ಗೋಲವೊಂದನ್ನು ಮೂಳೆಯೊಳಗೆ ಕೂರಿಸುವ ವಿಧಾನ ಅವನದು. 1940ರಲ್ಲಿ ಮೊದಲ ಪ್ರಯತ್ನ, 1950ರ ದಶಕದಲ್ಲಿ ಇಂದಿನ ಆಕಾರ. ಅಗ್ಗ, ಸರಳ, ಸಿಮೆಂಟೂ ಬೇಡ. ಆದ್ದರಿಂದಲೇ ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಮುದುಕರ ಮುರಿದ ಸೊಂಟಕ್ಕೆ ಹಾಕುತ್ತಿದ್ದದ್ದು ಇದನ್ನೇ. ವೈದ್ಯರು ಅದನ್ನು ಚಿಕ್ಕದಾಗಿ ಕರೆಯುವುದು "ಮೂರ್" ಎಂದು.

ಮೂರು ಬಾರಿಯಲ್ಲ, ಮೂರು ಸರಳಲ್ಲ. ಮೂರ್ ಎಂಬುದೊಂದು ಹೆಸರು. ಒಂದೇ ಒಂದು ಆಪರೇಷನ್.

ಬಟ್ಟಲಿನಿಂದ ಹುಣಸೆಬೀಜ ಚೆಲ್ಲಿಹೋದದ್ದು ನೆನಪಿದೆ. ಅಣ್ಣನಿಗೆ ಫೋನ್ ಮಾಡಲು ಹೊರಟು ಬಿಟ್ಟೆ. ಅವನಿಗೆ ಎಪ್ಪತ್ತು ದಾಟಿದೆ. ಮೂವತ್ತಾರು ವರ್ಷದ ತರುವಾಯ ಹೇಳಿ ಏನು ಮಾಡುವುದು? ಆರು ತಿಂಗಳು ಬಿಟ್ಟು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ನೀನಾದ್ರೂ ಕೇಳ್ಬೇಕಾಗಿತ್ತು ಕನವ್ವ" ಎಂದ. ಅದು ಆಕ್ಷೇಪಣೆಯಲ್ಲ. ಆದರೂ ಸರಿಯಾದ ಮಾತು.

ಇನ್ನು, ಚಿಕಿತ್ಸೆಯ ಮೇಲಿನ ತೃಪ್ತಿಯ ವಿಷಯ. ವರ್ಷ ತುಂಬಿದಾಗ ತಪಾಸಣೆಗೆ ಹೋದೆ. ಕಿರಿಯ ವೈದ್ಯೆಯೊಬ್ಬರು ಒಂದು ನಮೂನೆಯನ್ನಿಟ್ಟುಕೊಂಡು ಪ್ರಶ್ನೆ ಕೇಳಿ, ಕೂಡಿ, "ಅಮ್ಮಾ, ನಿಮಗೆ ನೂರಕ್ಕೆ ತೊಂಬತ್ತೊಂದು, ಎಕ್ಸಲೆಂಟ್" ಎಂದರು. ಜೀವಮಾನವೆಲ್ಲ ಅಂಕ ಹಾಕಿದವಳಿಗೆ ಅಂಕ ಬಂದಿತು! ಉತ್ತರಪತ್ರಿಕೆಯನ್ನು ತೋರಿಸಿ ಎಂದೆ, ನಗುತ್ತ ಕೊಟ್ಟರು. ಬಾಸ್ಟನ್ನಿನ ವಿಲಿಯಂ ಹ್ಯಾರಿಸ್ 1969ರಲ್ಲಿ ರೂಪಿಸಿದ ಅಳತೆಗೋಲು ಅದು. ನೋವಿಗೆ 44 ಅಂಕ, ಓಡಾಟ ಮತ್ತು ಕೆಲಸಗಳಿಗೆ 47, ಕೀಲಿನ ಚಲನೆಗೆ 5, ವಕ್ರತೆ ಇಲ್ಲದಿರುವುದಕ್ಕೆ 4. ನೋವಿಗೆ ಅಷ್ಟು ಅಂಕ ಕೊಟ್ಟದ್ದು ನ್ಯಾಯವೇ. ಓಡಾಟದ ವಿಭಾಗವನ್ನು ಬಿಡಿಸಿ ನೋಡಿದೆ: ಮೆಟ್ಟಿಲು ಹತ್ತುವುದಕ್ಕೆ 4, ಬೂಟು ಕಾಲುಚೀಲ ಹಾಕಿಕೊಳ್ಳುವುದಕ್ಕೂ 4, ಸಾರ್ವಜನಿಕ ವಾಹನ ಹತ್ತುವುದಕ್ಕೆ 1.

ಒಂದೇ ಒಂದು ಅಂಕ! ಕೆ.ಆರ್. ಪೇಟೆಯ ನಿಲ್ದಾಣದಲ್ಲಿ ಸಂಜೆಯ ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲೆತ್ತಿಟ್ಟವರು ಯಾರಾದರೂ ಅದಕ್ಕೆ ಒಂದು ಅಂಕ ಕೊಡುತ್ತಿದ್ದರೇ? ಕಾಲುಚೀಲವನ್ನಂತೂ ನಾನು ಕಾಲೇಜಿನ ಎನ್.ಸಿ.ಸಿ. ದಿನಗಳ ತರುವಾಯ ಹಾಕಿಲ್ಲ. 1996ರಲ್ಲಿ ಆಕ್ಸ್‌ಫರ್ಡಿನವರು ರೋಗಿಯೇ ತುಂಬುವಂಥ ಹನ್ನೆರಡು ಪ್ರಶ್ನೆಗಳ ಪಟ್ಟಿ ಮಾಡಿದರು. ವೈದ್ಯರ ಕಣ್ಣಿಗೆ ಕಂಡದ್ದಕ್ಕಿಂತ ರೋಗಿಯ ಮಾತೇ ಮುಖ್ಯವೆಂಬುದು ದೊಡ್ಡ ಬದಲಾವಣೆ. ಆದರೆ ಅಲ್ಲಿಯೂ ಕಾಲುಚೀಲವಿದೆ. ಚಾಪೆಯ ಮೇಲೆ ಕೂರುವುದು, ಕುಕ್ಕುರುಗಾಲಿನಲ್ಲಿ ಕೂತು ಏಳುವುದು, ಬಾಗಿಲ ಮುಂದೆ ಏಳು ಚುಕ್ಕಿಯ ರಂಗೋಲಿ ಬಿಡುವುದು, ಮುದ್ದೆ ತೊಳಸುವುದು, ಗದ್ದೆಯ ಬದುವಿನ ಮೇಲೆ ನಡೆಯುವುದು ಯಾವುದರಲ್ಲೂ ಇಲ್ಲ. ತೊಂಬತ್ತೊಂದು ಅಂಕ ಪಡೆದ ನನಗೆ ಇವುಗಳಲ್ಲಿ ಅರ್ಧವನ್ನು ಮಾಡಲು ಅನುಮತಿಯೇ ಇಲ್ಲ. ಬಹಳ ಬಗ್ಗಿದರೆ, ಕಾಲ ಮೇಲೆ ಕಾಲು ಹಾಕಿ ತಿರುಚಿದರೆ ಗೋಲ ಬಟ್ಟಲಿನಿಂದ ಜಾರೀತೆಂಬ ಭಯ. ಚಾರ್ನ್‌ಲಿ ತನ್ನ ಕೀಲನ್ನು ಕುರ್ಚಿಯ ಮೇಲೆ ಕೂರುವ ನಾಡಿನ ವೃದ್ಧರಿಗಾಗಿ ಮಾಡಿದ. ನಮ್ಮಲ್ಲಿ ಇದು ಬೇಕಾಗುವವರಲ್ಲಿ ವಯಸ್ಸಾಗದವರೂ ಬಹಳ. ಮೂಳೆಯ ತಲೆಗೆ ರಕ್ತ ನಿಂತು ಮೂವತ್ತು ನಲವತ್ತರಲ್ಲೇ ಕೀಲು ಕುಸಿದವರಿದ್ದಾರೆ. ಸಾಗರದ ಬಳಿಯ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕಾಯಿಲೆಯನ್ನು ಕೇಳಿರುತ್ತೀರಿ: ಕೂಲಿ ಮಾಡುವ ದಲಿತ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವ, ಎಳೆಯ ವಯಸ್ಸಿನಲ್ಲೇ ಸೊಂಟದ ಕೀಲನ್ನು ತಿನ್ನುವ ರೋಗ. ಅವರನ್ನು ಕೂರಿಸಿ ಕಾಲುಚೀಲದ ಪ್ರಶ್ನೆ ಕೇಳಿದರೆ ಏನು ಹೇಳಿಯಾರು?

ನಮ್ಮವರು ಇಂಥದ್ದನ್ನು ಯೋಚಿಸಿಲ್ಲವೆಂದಲ್ಲ. 1968ರ ಸುಮಾರಿನಲ್ಲಿ ಜೈಪುರದ ವೈದ್ಯ ಪಿ.ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಸೇರಿ ಮಾಡಿದ ಜೈಪುರ ಕಾಲು, ಬರಿಗಾಲಿನಲ್ಲಿ ನಡೆಯುವ, ಕುಕ್ಕುರುಗಾಲಿನಲ್ಲಿ ಕೂರುವ, ಕೆಸರುಗದ್ದೆಗೆ ಇಳಿಯುವ ಮನುಷ್ಯನನ್ನು ಕಣ್ಣಮುಂದಿಟ್ಟುಕೊಂಡೇ ಹುಟ್ಟಿದ್ದು. ಸೊಂಟಕ್ಕೂ ಹೊಸ ಬಗೆಯ ದೊಡ್ಡ ಗೋಲಗಳು ಬಂದಿವೆ. ಜಾರುವ ಭಯ ಕಡಿಮೆಯೆನ್ನುತ್ತಾರೆ. ಆದರೆ ಹೊಸದೆಲ್ಲ ಒಳ್ಳೆಯದೆಂದೂ ಹೇಳಲಾಗದು. ಯುವಕರು ಓಡಾಡಲೆಂದು ಲೋಹಕ್ಕೆ ಲೋಹ ಉಜ್ಜುವ ಎ.ಎಸ್.ಆರ್. ಎಂಬ ಕೀಲನ್ನು ಡಿಪ್ಯೂ ಕಂಪನಿ ಮಾರಿ, 2010ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಬೇಕಾಯಿತು. ಭಾರತದಲ್ಲಿಯೂ ಸಾವಿರಾರು ಮಂದಿಗೆ ಅದನ್ನು ಹಾಕಲಾಗಿತ್ತು. ಪರಿಹಾರದ ಸೂತ್ರವನ್ನು ಕೇಂದ್ರ ಸರ್ಕಾರ ನಿಗದಿಪಡಿಸುವಷ್ಟರಲ್ಲಿ 2018 ಬಂದಿತ್ತು.

"ಎಷ್ಟು ವರ್ಷ ಬರುತ್ತೆ?" ಎಂಬುದು ನೆಂಟರ ಇನ್ನೊಂದು ಪ್ರಶ್ನೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕದಂತೆ ನೂರರಲ್ಲಿ ಸುಮಾರು 58 ಕೀಲುಗಳು 25 ವರ್ಷ ಬಾಳುತ್ತವೆ. ಕೀಲು ಸವೆಯುವುದು ವರ್ಷದ ಲೆಕ್ಕಕ್ಕಿಂತ ಹೆಜ್ಜೆಯ ಲೆಕ್ಕದಲ್ಲಿ. ಹಾಗೆಂದು ನಡೆಯದೆ ಉಳಿಸಿಟ್ಟುಕೊಳ್ಳಲು ಅದೇನು ಪೆಟ್ಟಿಗೆಯ ಒಡವೆಯೇ? ನಾನು ಬೆಳಿಗ್ಗೆ ಪಶ್ಚಿಮವಾಹಿನಿಯ ಕಡೆಗೆ, ಸಂಜೆ ರಂಗನಾಥನ ಗುಡಿಯವರೆಗೆ ನಡೆಯುತ್ತೇನೆ. ಓಡುವುದಿಲ್ಲ, ಜಿಗಿಯುವುದಿಲ್ಲ. ರಂಗೋಲಿಯನ್ನು ಎತ್ತರದ ಮಣೆಯ ಮೇಲೆ ಕೂತು ಸೊಸೆಗೆ ಹೇಳಿಕೊಡುತ್ತೇನೆ. ಅವಳ ಗೆರೆ ಸೊಟ್ಟ, ಆದರೂ ಸುಮ್ಮನಿರುತ್ತೇನೆ. ಮೇಲುಕೋಟೆಯ ಬೆಟ್ಟವನ್ನು 2022ರಲ್ಲಿ ಒಮ್ಮೆ ಹತ್ತಿದೆ, ನಿಧಾನವಾಗಿ, ಕೋಲೂರಿಕೊಂಡು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಚಿಕಿತ್ಸೆಯಾದ ಕಾಲು ಮೊದಲು ಎಂದು ಶಿಷ್ಯ ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡಿಕೊಂಡು.

ಕೊನೆಯದಾಗಿ ಒಂದು ಸಂಗತಿ. 2023ರ ಮಳೆಗಾಲದಲ್ಲಿ ಊರಿನಿಂದ ಫೋನ್ ಬಂದಿತು. ಎಪ್ಪತ್ತಾರರ ಚಿಕ್ಕವ್ವ ಕೊಟ್ಟಿಗೆಯಲ್ಲಿ ಬಿದ್ದಿದ್ದಾಳೆ, ಕಾಲು ಹೊರಕ್ಕೆ ತಿರುಗಿದೆ, ಗಿಡ್ಡವಾದಂತೆ ಕಾಣುತ್ತದೆ. ದಬ್ಬೆ ಕಟ್ಟುವವರಿಗೆ ಹೇಳಿ ಕಳುಹಿಸಿದ್ದಾರೆ. ನಾನು ಕಾರು ಮಾಡಿಕೊಂಡು ಹೊರಟೆ. ದಾರಿಯಲ್ಲೇ ಫೋನಿನಲ್ಲಿ ಜಗಳವಾಡಿ ಕಟ್ಟನ್ನು ನಿಲ್ಲಿಸಿದೆ. ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ ಪ್ರತಿಯೊಂದು ಪದಕ್ಕೂ "ಹಾಗೆಂದರೇನು?" ಎಂದು ಕೇಳಿದೆ. ಅವರಿಗೆ ಬೇಸರವಾಗಿರಬೇಕು, ಆದರೂ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಬಾಗಿಲಲ್ಲಿ ನಿಂತಿದ್ದ ಅಣ್ಣ ಆ ಚಿತ್ರವನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದ. ಬಿದ್ದ ಎರಡನೆಯ ದಿನ ಅರ್ಧಕೀಲಿನ ಶಸ್ತ್ರಚಿಕಿತ್ಸೆ ಆಯಿತು. ನಾಲ್ಕನೆಯ ದಿನ ಚಿಕ್ಕವ್ವ ವಾಕರ್ ಹಿಡಿದು ಬಾಗಿಲವರೆಗೆ ನಡೆದಳು.

ಈಗ ಅವಳು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಾಳೆ, ಕೋಲೂರಿಕೊಂಡು ಹಿತ್ತಲಿಗೆ ಹೋಗಿ ಬರುತ್ತಾಳೆ. ಹೋದ ತಿಂಗಳು ನೋಡಲು ಹೋಗಿದ್ದೆ. ಹೇಗಿದ್ದೀಯೆ ಎಂದು ಕೇಳಿದ್ದೇ ತಡ, "ಏನ್ ಕಾಲ್ ಹಾಕ್ಸಿದ್ಯೋ ಏನೋ ಕಾಣೆ ಮಗ, ನೆಲದ ಮ್ಯಾಲೆ ಕೂತು ಒಂದು ತುತ್ತು ಮುದ್ದೆ ಉಣ್ಣಂಗಿಲ್ಲ, ಅವರೆಕಾಯಿ ಸುಲಿಯಂಗಿಲ್ಲ, ನೆಂಟರಂಗೆ ಕುರ್ಚಿ ಮ್ಯಾಲೆ ಕುಂತ್ಕಬೇಕು" ಎಂದು ಅರ್ಧ ಗಂಟೆ ಬೈದಳು. ಬೈಯುತ್ತಲೇ ಎದ್ದು, ಕೋಲನ್ನು ಎದುರು ಕೈಗೆ ಬದಲಾಯಿಸಿಕೊಂಡು, ನನಗೆ ಕಾಫಿ ಮಾಡಲು ಒಳಗೆ ಹೋದಳು.